ಗುಲ್ಜಾರ್ ಬೀಯ ಕೈವೇಗ

ಮೂವತ್ತಾರನೆಯ ಇಸವಿಯ ಮಾಘದ ಒಂದು ಬೆಳಗ್ಗೆ, ಹುಣಸೂರಿನ ಕಾಫಿ ಕಾರ್ಖಾನೆಯೊಂದರ ಎದುರು ಪಿರಿಯಾಪಟ್ಟಣದ ಬಸ್ಸಿಗಾಗಿ ಕಾಯುತ್ತಿದ್ದೆ. ಬಾಗಿಲು ಇನ್ನೂ ತೆರೆದಿರಲಿಲ್ಲ. ಬೀಜ ಆರಿಸುವ ಇಬ್ಬರು ಹೆಂಗಸರು ನನ್ನ ಪಕ್ಕದಲ್ಲೇ ಕುಳಿತಿದ್ದರು. ಹಿರಿಯಳು ಕುಳ್ಳಮ್ಮ, ಕಿರಿಯಳು ಗುಲ್ಜಾರ್ ಬೀ ಎಂಬುದನ್ನು ಅಲ್ಲಿ ನೆರೆದಿದ್ದ ಕೆಲಸದವರ ಮಾತಿನಿಂದ ತಿಳಿದೆ.

"ನೆನ್ನೆ ಸಾಹೇಬ್ರು ಗಡಿಯಾರ ಹಿಡ್ಕಂಡು ಎದುರಿಗೇ ಕುಂತ್ರಲ್ಲ ಅಕ್ಕ, ನಾನು ಜೋರಾಗಿ ಆರಿಸ್ಬಿಟ್ಟೆ. ಈಗ ಎಲ್ಲಾರೂ ನನ್ನಷ್ಟೇ ಆರಿಸ್ಬೇಕಂತೆ," ಎಂದಳು ಗುಲ್ಜಾರ್ ಬೀ.

"ಆಗ್ದೋರು ಮನೇಗೆ. ಮೇಸ್ತ್ರಿ ನಂಗೂ ಏಳವ್ನೆ."

"ಇವತ್ತು ಇನ್ನೊಂದ್ಸಲ ನನ್ನೇ ನೋಡಿ ಅಳತೆ ಕಾಯಂ ಮಾಡ್ತಾರೆ. ನಿಧಾನ ಮಾಡ್ತೀನಿ ಬುಡು."

"ಬ್ಯಾಡ ಕಣವ್ವ. ನಿನ್ನ ಮೇಸ್ತ್ರಿಣಿ ಮಾಡ್ತೀವಿ ಅಂದವ್ರಂತೆ."

"ಮೇಸ್ತ್ರಿಣಿ ಆಗಿ ನಿನ್ನೇ ಮನೇಗೆ ಕಳಿಸ್ಲಾ? ಈ ಕೈಗೆ ಕೆಲ್ಸ ಕಲಿಸ್ದೋಳು ಯಾರು?"

ಕುಳ್ಳಮ್ಮ ಅವಳ ಹತ್ತಿರಕ್ಕೆ ಸರಿದು ಕುಳಿತಳು.

"ನಿಧಾನ ಮಾಡಾಕೆ ನಿಂಗೆಲ್ಲಿ ಬತ್ತದೆ? ಬೇಕಂತ ಕೈ ಎಳುದ್ರೆ ಅವ್ರಿಗೆ ಗೊತ್ತಾಯ್ತದೆ."

"ಮತ್ತೆ?"

ಕುಳ್ಳಮ್ಮ ಅವಳ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಬೆರಳುಗಳನ್ನು ತಾನೇ ಮಡಿಸಿ ತೋರಿಸಿದಳು.

"ಒಂದೊಂದು ಬೀಜನೂ ಎತ್ತಿ, ಬೆಳಕಿಗಿಡ್ದು, ಮಗುಚಿ ನೋಡು. ಆಮ್ಯಾಕೆ ಬುಟ್ಟಿಗಾಕು. ಜೋಪಾನ್ವಾಗಿ ನೋಡ್ತಾವ್ಳೆ ಅಂತ ಬರ್ಕತಾರೆ."

"ಕಣ್ಣು ಮಂಜಾದ್ಮೇಲೆ ನೀನು ಮಾಡ್ತೀಯಲ್ಲ, ಹಂಗಾ?"

"ಊಂ ಕಣವ್ವ. ಅಂಗೇಯ."

ಬಾಗಿಲು ತೆರೆಯಿತು. ಗುಲ್ಜಾರ್ ಬೀ ಏಳುತ್ತಲೇ ಗಾಳಿಯಲ್ಲಿ ಬೆರಳಾಡಿಸಿ ನೋಡಿದಳು.

"ಇನ್ನೂ ವಸಿ ನಿಧಾನ," ಎಂದಳು ಕುಳ್ಳಮ್ಮ. ಇಬ್ಬರೂ ಒಳಗೆ ಹೋದರು.