ಆಯ್ತು ಅಂದ ಮೇಲಿನ ಫೋಟೋ

"ಇಷ್ಟು ದೊಡ್ಡದು ಈ ಬಾಗಿಲಲ್ಲಿ ಹೋಗುತ್ತಾ?"

ಫೋಟೋ ಪ್ರಿಂಟ್ ಹಾಕುವ ಅಂಗಡಿಯಲ್ಲಿ ಯಾರ ಮುಖವನ್ನೂ ನೋಡದೆ ಹೀಗೆ ಕೇಳಿದವಳು ಸ್ಟುಡಿಯೋ ನಡೆಸುವ ಹೆಂಗಸು. ಅವಳ ಕೈಯಲ್ಲಿ ಕಟ್ಟು ಹಾಕಿಸಿದ, ಆಳುದ್ದದ ಮದುವೆ ಚಿತ್ರ. ಬೆಂಚಿನ ಮೇಲೆ ಪದ್ಯ ಗುನುಗುತ್ತ ಸರದಿ ಕಾಯುತ್ತಿದ್ದ ಅಜ್ಜಿ, ಸಾಲನ್ನು ಅರ್ಧಕ್ಕೇ ಬಿಟ್ಟು ಕಿವಿಗೊಟ್ಟಳು.

"ಓರೆ ಮಾಡಿದ್ರೆ ಹೋಗುತ್ತಕ್ಕ," ಎಂದ, ಇನ್ನೊಂದು ತುದಿ ಹಿಡಿದಿದ್ದ ತಮ್ಮ.

"ಮೊದಲನೇ ಬಹುಮಾನ ಕಣೋ! ನಾಳೆ ಫೋಟೋ ಪ್ರದರ್ಶನದ ಹೆಬ್ಬಾಗಿಲಲ್ಲೇ ನಿಲ್ಲಿಸ್ತಾರಂತೆ."

"ಬೆಳಗ್ಗಿಂದ ಹತ್ತು ಸಲ ಹೇಳಿದೀಯ."

"ಹನ್ನೊಂದನೇ ಸಲ ಕೇಳು. ಎಲ್ಲರ ಕೈಲೂ ಮೊಬೈಲಿದೆ, ಸ್ಟುಡಿಯೋಗೆ ಬೀಗ ಹಾಕು ಅಂದಿದ್ದು ಯಾರು?"

"ನಾನೇ ಮಾರಾಯ್ತಿ."

"'ಆಯ್ತು' ಅಂದ್ಮೇಲೂ ಇನ್ನೊಂದು ಫೋಟೋ ಯಾಕೆ ಹೊಡೀತೀಯ ಅಂತ ರೇಗಿಸಿದ್ದು?"

"ಅದೂ ನಾನೇ."

"ಆಯ್ತು ಅನ್ನೋವರೆಗೂ ಎಲ್ಲರೂ ಗೊಂಬೆಗಳಪ್ಪ. ಅಂದ್ಮೇಲೇ ಮನುಷ್ಯರಾಗೋದು. ನೋಡು, ಅಪ್ಪ ಬಿಗಿಹಿಡಿದ ಹೊಟ್ಟೆ ಸಡಿಲಬಿಟ್ಟು ನಗ್ತಿದಾರೆ. ಅಮ್ಮ ಕಚ್ಚೋ ಚಪ್ಪಲಿ ಬಿಚ್ಚಿದಾಳೆ."

"ನಡುಮಧ್ಯೆ ಮದುಮಗ ಬಾಯಿ ಬಿಟ್ಟು ಆಕಳಿಸ್ತಿದಾನೆ."

"ಅದನ್ನ ನೋಡೇ ಬಹುಮಾನ ಕೊಟ್ಟಿದ್ದು! ಈ ವಾರ ಆರು ಮದುವೆಗೆ ಫೋಟೋ ತೆಗೆಯೋಕೆ ಕರೆದಿದಾರೆ ನನ್ನ."

ಅಜ್ಜಿ ಚಿತ್ರದ ಮದುಮಗನನ್ನು ನೋಡಿದಳು, ತಮ್ಮನನ್ನು ನೋಡಿದಳು. ಅದೇ ಮೂಗು, ಅದೇ ಗಲ್ಲ.

"ಅಕ್ಕಾ, ನಿನ್ನ ದಮ್ಮಯ್ಯ. ನಾಳೆ ಮಾವನ ಮನೆಯವರೆಲ್ಲ ಬರ್ತಾರೆ. ಕಂಪ್ಯೂಟರಲ್ಲಿ ನನ್ನ ಬಾಯೊಂದನ್ನ ಸರಿಮಾಡಿ ಇನ್ನೊಂದು ಪ್ರಿಂಟ್ ಹಾಕಿಸು."

ಅಕ್ಕ ಚಿತ್ರವನ್ನು ಓರೆ ಮಾಡಿ ಹೊಸ್ತಿಲು ದಾಟಿಸಿದಳು.

"ಆಗಲ್ಲ ಹೋಗೋ," ಎಂದಳು. "ನೆಟ್ಟಗೆ ಹಿಡ್ಕೊಂಡು ನಡಿ."