ಶೋಕೇಸಿನೊಳಗಿನ ಹನ್ನೆರಡು ಪುಸ್ತಕ

ಒಂದು ಊರು. ಊರೆಂದ ಮೇಲೆ ಅಲ್ಲೊಬ್ಬ ಶ್ರೀಮಂತ ಇರಬೇಕಲ್ಲ, ಇದ್ದ. ಅವನನ್ನು ಅವನ ಅಂಗಡಿಯಲ್ಲೇ ಬಿಟ್ಟುಬಿಡೋಣ. ನಮ್ಮ ಕಥೆ ಅವನ ಹೆಂಡತಿಯದು. ಅವಳ ಹೆಸರು ಕೇಳಬೇಡಿ ತಾಯಂದಿರೇ. ಹೆಸರು ಹೇಳಿದರೆ ನೀವೆಲ್ಲ ಪಕ್ಕದಲ್ಲಿ ಕೂತವರ ಮುಖ ನೋಡುತ್ತೀರಿ, ಆಮೇಲೆ ಕಥೆ ಕೇಳುವವರು ಯಾರು?

ಆ ಶ್ರೀಮಂತೆಯದು ಎರಡು ಅಂತಸ್ತಿನ ಮನೆ. ಮೇಲೆ ಅವಳು, ಅವಳ ಗಂಡ, ಐದು ವರ್ಷದ ಮಗಳು. ಕೆಳಗೆ ಬಾಡಿಗೆಗೆ ಒಬ್ಬ ಹೆಂಗಸು. ಸೀರೆಗೆ ಫಾಲ್ ಹಚ್ಚಿ, ರವಿಕೆ ಹೊಲಿದು ಬದುಕುವವಳು. ಅವಳಿಗೂ ಐದು ವರ್ಷದ ಮಗಳೇ. ಮೇಲಿನ ಮನೆಯ ಮಗು ಹೇಗಿತ್ತೆಂದರೆ, ತಲೆ ಬಾಚುವಷ್ಟು ಹೊತ್ತೂ ಒಂದು ಕಡೆ ಕೂರುತ್ತಿರಲಿಲ್ಲ. ಒಂದು ಜಡೆ ದೇವರಮನೆಯ ಬಾಗಿಲಲ್ಲಿ, ಇನ್ನೊಂದು ಜಡೆ ಮೆಟ್ಟಿಲ ಮೇಲೆ. ನಗುತ್ತಿದ್ದೀರಿ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದೆ ಅಂತಾಯಿತು.

ಒಂದು ಸಂಜೆ ಶ್ರೀಮಂತೆ ನೀರಿನ ಮೋಟಾರಿನ ವಿಷಯ ಹೇಳಲು ಕೆಳಗೆ ಬಂದಳು. ಬಾಗಿಲು ತೆರೆದಿತ್ತು. ಒಳಗೆ ಚಾಪೆಯ ಮೇಲೆ ಹೊಲಿಗೆಯವಳು ಅಂಗಾತ ಮಲಗಿದ್ದಾಳೆ. ಎಡಕ್ಕೊಂದು ಮಗು, ಬಲಕ್ಕೊಂದು ಮಗು. ಮೂವರ ಹೊಟ್ಟೆಯ ಮೇಲೂ ಒಂದೊಂದು ಕಾಗದದ ದೋಣಿ. ಪಕ್ಕದಲ್ಲಿ ಒಂದು ಚಿತ್ರಪುಸ್ತಕ ತೆರೆದು ಬಿದ್ದಿದೆ. ಅದರೊಳಗೂ ಒಬ್ಬಳು ಪುಟ್ಟ ಹುಡುಗಿ, ಅವಳ ಹೊಟ್ಟೆಯ ಮೇಲೂ ದೋಣಿ. ಉಸಿರು ಒಳಗೆ ಹೋದರೆ ದೋಣಿ ಏರುತ್ತದೆ, ಉಸಿರು ಹೊರಗೆ ಬಂದರೆ ಇಳಿಯುತ್ತದೆ. ಮೈಯೇ ಒಂದು ಕೆರೆ, ಉಸಿರೇ ಅದರ ಅಲೆ. ಮಕ್ಕಳಿಗೆ ಸಾವಧಾನ ಕಲಿಸುವ ಪುಸ್ತಕ ಅದು. ನಾವು ವರ್ಷಗಟ್ಟಲೆ ಪ್ರವಚನ ಕೇಳಿದರೂ ಬಾರದ್ದನ್ನು ಒಂದು ಕಾಗದದ ದೋಣಿಯಿಟ್ಟು ಹೇಳುವ ಪುಸ್ತಕ.

ಆದರೆ ನೋಡಿ, ಶ್ರೀಮಂತೆ ನೋಡಿದ್ದೇನು? ಪುಸ್ತಕವನ್ನು ನೋಡಿದಳೇ? ಇಲ್ಲ. ದೋಣಿಯನ್ನು? ಅದೂ ಇಲ್ಲ. ತನ್ನ ಮಗಳ ತಲೆ ಇನ್ನೊಬ್ಬಳ ತೋಳಿನ ಮೇಲಿತ್ತು, ಅದನ್ನು ನೋಡಿದಳು. ತನ್ನ ಹತ್ತಿರ ಎರಡು ನಿಮಿಷ ನಿಲ್ಲದ ಮಗು ಇಲ್ಲಿ ಕಣ್ಣು ಅರ್ಧ ಮುಚ್ಚಿ, ಹಾಲು ಕುಡಿದ ಬೆಕ್ಕಿನ ಮರಿಯ ಹಾಗೆ ಒರಗಿತ್ತು, ಅದನ್ನು ನೋಡಿದಳು.

ಒಳಗಿನ ವೈರಿಗಳು ಆರು ಜನ ಅಂತ ಹಿರಿಯರು ಹೇಳಿದ್ದಾರಲ್ಲ. ಕಾಮ, ಕ್ರೋಧ, ಲೋಭ, ಮೋಹ, ಮದ, ಈ ಐವರು ಬಾಗಿಲು ಬಡಿದು ಬರುತ್ತಾರೆ. ಬಂದದ್ದು ಗೊತ್ತಾಗುತ್ತದೆ. ಆರನೆಯದು ಮಾತ್ಸರ್ಯ. ಅದು ಚಪ್ಪಲಿ ಹೊರಗೆ ಬಿಟ್ಟು, ಸದ್ದಿಲ್ಲದೆ ಬಂದು, ಮನೆಯವರ ಹಾಗೆ ಅಡುಗೆಮನೆಯಲ್ಲಿ ಕೂತುಬಿಡುತ್ತದೆ. ನಾವೇ ಅದಕ್ಕೆ ಕಾಫಿ ಬೆರೆಸಿ ಕೊಡುತ್ತೇವೆ.

"ಎಲ್ಲೀದಮ್ಮಾ ಈ ಪುಸ್ತಕ?" ಎಂದಳು ಶ್ರೀಮಂತೆ.

"ಮಗಳ ಸ್ಕೂಲ್ ಲೈಬ್ರರೀದು ಅಕ್ಕಾ. ವಾಪಸ್ ಕೊಟ್ಟು ಮತ್ತೆ ಮತ್ತೆ ಅದನ್ನೇ ತರ್ತಾಳೆ," ಎಂದು ಹೊಲಿಗೆಯವಳು ಮಲಗಿದಲ್ಲಿಂದಲೇ ಹೇಳಿದಳು. ಏಳಲಿಲ್ಲ. ಅದೂ ಚುಚ್ಚಿತು.

ಮೂರೇ ದಿನಕ್ಕೆ ಮೇಲಿನ ಮನೆಗೆ ಒಂದು ಡಬ್ಬ ಬಂತು. ಅದರಲ್ಲಿ ಹನ್ನೆರಡು ಪುಸ್ತಕ. ಗಂಟೆಯ ನಾದ ಪೂರ್ತಿ ಅಡಗುವ ತನಕ ಕಿವಿಗೊಡುವ ಪುಸ್ತಕ. ಒಂದೇ ಕಿತ್ತಳೆ ತೊಳೆಯನ್ನು ಮೂಸಿ, ಮುಟ್ಟಿ, ನಿಧಾನವಾಗಿ ತಿನ್ನುವ ಪುಸ್ತಕ. ಸಿಟ್ಟನ್ನು ಮೋಡ ಮಾಡಿ ಆಕಾಶಕ್ಕೆ ಬಿಡುವ ಪುಸ್ತಕ. ಅವುಗಳ ನಡುವೆ ಆ ದೋಣಿಯ ಪುಸ್ತಕವೂ ಇತ್ತು. ಮಗು ಡಬ್ಬದ ಸುತ್ತ ಕುಣಿಯಿತು.

"ಅಮ್ಮಾ, ಓದು. ಈಗಲೇ ಓದು."

"ತಡಿ, ಬೈಂಡ್ ಹಾಕ್ತೀನಿ. ಕೊಳೆ ಆಗುತ್ತೆ. ನಾಳೆ ಓದ್ತೀನಿ, ಮೊದಲಿಂದ ಕೊನೇ ತನಕ. ಪ್ರಾಮಿಸ್."

ಹನ್ನೆರಡಕ್ಕೂ ಬ್ರೌನ್ ಪೇಪರ್ ಬೈಂಡ್ ಬಿತ್ತು. ಮುಖಪುಟದ ದೋಣಿ, ಮೋಡ, ಗಂಟೆ ಎಲ್ಲ ಮುಚ್ಚಿಹೋದವು. ಚೀಟಿ ಅಂಟಿಸಿ, ಮಗಳ ಹೆಸರು ಬರೆದು, ಸಾಲಾಗಿ ಶೋಕೇಸಿನಲ್ಲಿಟ್ಟು ಬೀಗ ಹಾಕಿದ್ದಾಯಿತು. ನಾಳೆ ಬಂತು. ನಾಳೆಯ ನಾಳೆಯೂ ಬಂತು.

ಓದಲಿಲ್ಲ, ನಿಜ. ಆದರೆ ಸುಮ್ಮನಿದ್ದಳು ಅಂದುಕೊಳ್ಳಬೇಡಿ. ಕೆಳಗಿನ ಮಗುವಿಗಿಂತ ತನ್ನ ಮಗು ಮುಂದಿರಬೇಡವೇ? ಅದಕ್ಕೆ ನಮ್ಮ ಜನಕ್ಕೆ ಗೊತ್ತಿರುವ ಉಪಾಯ ಒಂದೇ. ಬಾಯಿಪಾಠ. ದೋಣಿಯ ಪುಸ್ತಕದ ಅಕ್ಷರಗಳನ್ನಷ್ಟೇ ಒಂದು ಕಾಗದಕ್ಕೆ ಇಳಿಸಿಕೊಂಡು, ಪುಸ್ತಕವನ್ನು ಮತ್ತೆ ಬೀಗದೊಳಗಿಟ್ಟಳು. ಕುಕ್ಕರ್ ಕೂಗುವುದರೊಳಗೆ ಎರಡು ಸಾಲು, ಶಾಲೆಯ ವ್ಯಾನ್ ಬರುವುದರೊಳಗೆ ಎರಡು ಸಾಲು.

"ಹೇಳು, ಉಸಿರು ಬರುತ್ತಿದೆ, ನಾನು ನೋಡುತ್ತಿದ್ದೇನೆ."

"ಚಿತ್ರ ತೋರಿಸಮ್ಮಾ."

"ಚಿತ್ರ ಆಮೇಲೆ. ಮೊದಲು ಹೇಳು."

ಶುಕ್ರವಾರ ಅರಿಶಿನ ಕುಂಕುಮಕ್ಕೆ ಹೆಂಗಸರು ಬಂದರು. ಕೋಸಂಬರಿ ಕೊಡುವ ಮೊದಲು ಮಗುವನ್ನು ನಡುಮನೆಯಲ್ಲಿ ನಿಲ್ಲಿಸಿ, ಕೈ ಕಟ್ಟಿಸಿ, ಆ ದೋಣಿಯ ಪುಸ್ತಕ ಹೇಳಿಸಿದಳು. ಮಗು ಹೇಳಿತು. "ನಿಧಾನವಾಗಿ ಉಸಿರಾಡು" ಎಂಬಲ್ಲಿಂದ ಹಿಡಿದು ಕೊನೆಯ ಸಾಲಿನ ತನಕ ಒಂದೇ ಉಸಿರಿಗೆ ಹೇಳಿ ಮುಗಿಸಿ, ಕೆಮ್ಮಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಬಂದವರಲ್ಲೊಬ್ಬರು, ಮೂಲೆಯಲ್ಲಿ ತಾಯಿಯ ಜೊತೆ ಕೂತಿದ್ದ ಕೆಳಗಿನ ಮನೆಯ ಮಗುವನ್ನು ಕೇಳಿದರು, "ನೀನೂ ಹೇಳ್ತೀಯೇನೇ ಪುಟ್ಟಿ?"

"ನಂಗೆ ಹೇಳಕ್ಕೆ ಬರಲ್ಲ ಅಜ್ಜಿ. ನಾವು ಬರೀ ದೋಣಿ ಬಿಡ್ತೀವಿ."

ಎಲ್ಲರೂ ನಕ್ಕರು. ಆಕೆ ಮಗುವನ್ನು ತೊಡೆಯ ಮೇಲೆ ಎಳೆದುಕೊಂಡು, "ಎಷ್ಟು ಸಮಾಧಾನದ ಕೂಸು," ಎಂದರು. ಒಂದೇ ಮಾತು. ಆ ಒಂದು ಮಾತು ಶ್ರೀಮಂತೆಯ ಎದೆಯಲ್ಲಿ ಎರಡು ದಿನ ಉರಿಯಿತು. ಒಗ್ಗರಣೆಗೆ ಎಣ್ಣೆ ಇಟ್ಟರೆ ಅದೇ ಮಾತು, ಬಟ್ಟೆ ಮಡಚಿದರೆ ಅದೇ ಮಾತು. ಕೆಳಗಿನಿಂದ ಹೊಲಿಗೆ ಮಷೀನಿನ ಸದ್ದು ಕೇಳಿದರೂ ಅದು ತನ್ನನ್ನೇ ಅಣಕಿಸಿದಂತೆ. ಮೂರನೆಯ ದಿನ ಮಗಳಿಗೆ, "ಇನ್ನು ಕೆಳಗೆ ಹೋಗಕೂಡದು" ಎಂದಳು.

ಮಗು ಅಳಲಿಲ್ಲ. ಸ್ವಲ್ಪ ಯೋಚಿಸಿ ಹೇಳಿತು, "ಆಂಟಿ ಹತ್ರ ಒಂದೇ ಪುಸ್ತಕ ಇದೆ, ಅದಕ್ಕೇ ಓದಕ್ಕೆ ಆಗುತ್ತೆ. ನಿನ್ನ ಹತ್ರ ಹನ್ನೆರಡಿದೆಯಲ್ಲ, ಪಾಪ, ನಿಂಗೆ ಟೈಮ್ ಸಾಲಲ್ಲ."

ಅಂದಿನಿಂದ ಮಗು ಓದು ಎಂದು ಕೇಳಲಿಲ್ಲ.

ನಾಲ್ಕು ದಿನ ಕೇಳದಿದ್ದಾಗ ತಾಯಿಗೆ ಹಾಯೆನಿಸಿತು. ಎಂಟು ದಿನ ಕೇಳದಿದ್ದಾಗ ಹೆದರಿಕೆಯಾಯಿತು. ಮಗು ಊಟ ಮಾಡುತ್ತದೆ, ಆಡುತ್ತದೆ, ಹೇಳು ಎಂದರೆ ಹೇಳುತ್ತದೆ. ಆದರೆ ಸೆರಗು ಹಿಡಿದು ಎಳೆಯುವ ಕೈ ಇಲ್ಲ. ತಾಯಂದಿರೇ, ಮಕ್ಕಳು ಕೇಳುವುದು ನಮಗೆ ಕಾಟ. ಕೇಳುವುದನ್ನು ನಿಲ್ಲಿಸಿದ ಮಗುವಿನ ಮನೆ ಹೇಗಿರುತ್ತದೆ, ಗೊತ್ತೇ? ಬಾವಿಗೆ ಕಲ್ಲು ಹಾಕಿ ಕಾಯುತ್ತೀರಿ, ಸದ್ದೇ ಬರುವುದಿಲ್ಲ. ಹಾಗಿರುತ್ತದೆ.

ಅವಳು ದಡದಡನೆ ಕೆಳಗಿಳಿದು ಹೋದಳು. ಮಷೀನಿನ ಮುಂದೆ ನಿಂತು, "ನನ್ನ ಮಗೂಗೆ ಏನು ಮಾಡಿದೀಯ ನೀನು? ಅದೇನು ಓದಿ ಮರುಳು ಮಾಡಿದೀಯ?" ಎಂದಳು.

ಹೊಲಿಗೆಯವಳು ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆಯೆತ್ತಿದಳು. "ನಾನೇನು ಓದ್ತೀನಿ ಅಕ್ಕಾ. ದಿನವೆಲ್ಲ ಬಗ್ಗಿ ಹೊಲಿದು ಬೆನ್ನು ಹಿಡ್ಕೊಳುತ್ತೆ, ಸಂಜೆ ಅರ್ಧ ಗಂಟೆ ಮಲಗ್ತೀನಿ. ಮಕ್ಕಳು ಪುಸ್ತಕ ತಂದು ಹೊಟ್ಟೆ ಮೇಲೆ ಇಡ್ತವೆ. ಎದ್ದು ಹೋಗೋಕೆ ಆಗಲ್ಲ, ಅದಕ್ಕೆ ಓದ್ತೀನಿ. ಎದ್ದು ಹೋಗೋಕೆ ಆಗಿದ್ರೆ ನಾನೂ ಹೋಗ್ತಿದ್ದೆ."

ಶ್ರೀಮಂತೆ ಮೂಲೆಯಲ್ಲಿ ಸುತ್ತಿಟ್ಟ ಚಾಪೆಯ ಕಡೆ ನೋಡಿದಳು.

"ಸುಳ್ಳು ಯಾಕೆ ಹೇಳಲಿ," ಎಂದು ಹೊಲಿಗೆಯವಳು ಮುಂದುವರಿಸಿದಳು, "ನಿಮ್ಮ ಶೋಕೇಸ್ ನೋಡಿ ನಂಗೂ ಹೊಟ್ಟೆ ಉರೀತು ಅಕ್ಕಾ. ಈ ಲೈಬ್ರರಿ ಪುಸ್ತಕಕ್ಕೆ ಕೊನೇ ಹಾಳೆನೇ ಇಲ್ಲ, ಯಾರೋ ಹರಿದುಬಿಟ್ಟಿದಾರೆ. ಆಮೇಲೆ ಆ ಹುಡುಗಿ ಏನಾದ್ಲು ಅಂತ ಎರಡೂ ನನ್ನ ತಲೆ ತಿಂತಿದ್ವು. ನಿಮ್ಮ ಪುಸ್ತಕದಲ್ಲಿ ಆ ಹಾಳೆ ಇರುತ್ತೆ. ನಿಮ್ಮ ಮಗಳು ನೋಡ್ತಾಳೆ, ನನ್ನ ಮಗಳು ನೋಡಲ್ಲ ಅಂತ ಎಷ್ಟು ಸಲ ಸಂಕಟಪಟ್ಟೆ, ದೇವರಿಗೇ ಗೊತ್ತು."

ಕೇಳಿದಿರಾ? ಮೇಲಿನವಳಿಗೆ ಕೆಳಗಿನವಳ ತೋಳಿನ ಮೇಲೆ ಕಣ್ಣು. ಕೆಳಗಿನವಳಿಗೆ ಮೇಲಿನವಳ ಹಾಳೆಯ ಮೇಲೆ ಕಣ್ಣು. ಆ ಹಾಳೆಯನ್ನಾದರೂ ಯಾರು ನೋಡಿದ್ದರು? ಯಾರೂ ನೋಡಿರಲಿಲ್ಲ. ಅದು ಬೀಗದೊಳಗೆ ಇತ್ತು.

ನಮ್ಮಜ್ಜಿ ಕಥೆ ಇಂಥ ಜಾಗಕ್ಕೆ ಬಂದಾಗ ಮಜ್ಜಿಗೆ ಕುಡಿಯುವ ನೆಪದಲ್ಲಿ ಎದ್ದುಬಿಡುತ್ತಿದ್ದರು. ನಾನೂ ಒಂದು ಗಳಿಗೆ ನಿಲ್ಲಿಸುತ್ತೇನೆ. ನಿಮ್ಮನ್ನು ಕೇಳುವುದಿದೆ. ನಿಮ್ಮ ಮನೆಯ ಶೋಕೇಸಿನಲ್ಲಿ ಏನಿದೆ? ಮಗುವಿಗೆಂದು ತಂದು, ಪಕ್ಕದ ಮನೆಯವರಿಗೆ ಕಾಣುವಂತೆ ಇಟ್ಟದ್ದು ಎಷ್ಟಿದೆ? ಶಾಂತಿಯನ್ನೂ ಸ್ಪರ್ಧೆಗೆ ನಿಲ್ಲಿಸಿದರೆ ಅದು ಶಾಂತಿಯಾಗಿ ಉಳಿದೀತೇ? ಇವತ್ತು ಇಲ್ಲಿಂದ ಮನೆಗೆ ಹೋದ ಮೇಲೆ ಒಂದು ಪುಸ್ತಕ ತೆಗೆಯಿರಿ. ಒಂದೇ ಸಾಕು. ಅದರ ಬೈಂಡ್ ಬಿಚ್ಚಿ. ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು ಬನ್ನಿ. ನೆಲದ ಮೇಲೆ ಕೂತು ಓದಿ. ನಡುವೆ ಪ್ರಶ್ನೆ ಕೇಳಬೇಡಿ, ನೆಂಟರ ಮುಂದೆ ಒಪ್ಪಿಸಲು ಹೇಳಬೇಡಿ, ಮಗು ಒಂದೇ ಪುಟದಲ್ಲಿ ನಿಂತರೆ ನೀವೂ ನಿಲ್ಲಿ. ಇನ್ನೊಬ್ಬರ ಮಗು ನೆನಪಿಗೆ ಬಂದು ಎದೆ ಚುರುಕ್ಕೆಂದರೆ, ಬಂತು ಎಂದು ನೋಡಿ, ಮತ್ತೆ ಪುಟಕ್ಕೆ ಬನ್ನಿ. ಬೇರೆ ಸಾಧನೆ ನಾನು ಹೇಳುವುದಿಲ್ಲ. ಇದನ್ನೇ ದಿನಾ ಮಾಡಿ.

ಸರಿ, ಆ ತಾಯಿ ಏನು ಮಾಡಿದಳು? ಮೇಲೆ ಹೋಗಿ ಬೀಗ ತೆಗೆದಳು. ದೋಣಿಯ ಪುಸ್ತಕದ ಬ್ರೌನ್ ಪೇಪರನ್ನು ಹರಿದು ತೆಗೆದು, "ಬಾರೇ" ಎಂದು ಮಗಳನ್ನು ಕರೆದಳು. ಮಗು ಬಂದು, ಕೈ ಕಟ್ಟಿ ನಿಂತು, "ನಿಧಾನವಾಗಿ ಉಸಿರಾಡು..." ಎಂದು ಶುರುಮಾಡಿತು.

"ಹೇಳಬೇಡ ಕಂದಾ. ಕೂತ್ಕೋ. ನಾನು ಓದ್ತೀನಿ."

ಮಗು ಅನುಮಾನದಿಂದ ನೋಡಿತು. "ಕೊನೇ ತನಕಾನಾ?"

"ಕೊನೇ ತನಕ."

"ಹಾಗಾದ್ರೆ ಅವಳನ್ನೂ ಕರಿ. ಅವಳೂ ಕೊನೇದು ನೋಡಿಲ್ಲ."

ಇಲ್ಲಿ ಚುಚ್ಚಿತು ನೋಡಿ, ಎಲ್ಲಕ್ಕಿಂತ ಜೋರಾಗಿ. ಇವತ್ತಾದರೂ ಮಗಳು ತನ್ನೊಬ್ಬಳಿಗೇ ಇರಲಿ ಎಂಬ ಆಸೆ. ಬಾಗಿಲ ತನಕ ಹೋದಳು, ನಿಂತಳು. ಚುಚ್ಚುವುದು ನಿಲ್ಲಲಿಲ್ಲ. ನಿಲ್ಲದಿದ್ದರೂ ಮೆಟ್ಟಿಲ ಮೇಲಿಂದ ಬಗ್ಗಿ ಕರೆದಳು, "ಪುಟ್ಟೀ, ಮೇಲೆ ಬಾರೇ, ಪುಸ್ತಕ ಓದ್ತಿದೀವಿ."

ಎಡಕ್ಕೊಂದು, ಬಲಕ್ಕೊಂದು. ಓದಿದಳು. ಫೋನ್ ಬಡಿದುಕೊಂಡು ಸುಮ್ಮನಾಯಿತು. ಹಾಲಿನವನು ಕೂಗಿ, ಬಾಗಿಲಲ್ಲೇ ಇಟ್ಟು ಹೋದ. ಒಂದು ಪುಟದಲ್ಲಿ ದೋಣಿಯೊಳಗೆ ಒಂದು ಇರುವೆ ಕೂತಿರುವುದನ್ನು ಮಕ್ಕಳು ತೋರಿಸಿದವು. ಇಷ್ಟು ದಿನ ಬಾಯಿಪಾಠ ಮಾಡಿಸಿದವಳಿಗೆ ಆ ಇರುವೆ ಕಂಡಿರಲೇ ಇಲ್ಲ. ಕೊನೆಯ ಹಾಳೆ ತಿರುವಿದಳು. ಅಲ್ಲಿ ಅಕ್ಷರವೇ ಇಲ್ಲ. ಕಿಟಕಿಯ ಕಟ್ಟೆಯ ಮೇಲೆ ದೋಣಿ ಇದೆ, ಚಾಪೆ ಖಾಲಿ ಇದೆ, ಬಾಗಿಲು ತೆರೆದಿದೆ.

"ಏನು ಬರ್ದಿದೆ ಅಮ್ಮಾ?"

"ಏನೂ ಬರ್ದಿಲ್ಲ ಕಣೆ."

"ಆಟಕ್ಕೆ ಹೋಗಿರ್ತಾಳೆ," ಎಂದಿತು ಕೆಳಗಿನ ಮಗು.

"ಇಲ್ಲ, ಅವಳಮ್ಮ ಕರೆದಿರ್ತಾರೆ," ಎಂದಿತು ಮೇಲಿನದು.

ಯಾವುದು ಸರಿ ಎಂದು ತಾಯಿ ಹೇಳಲಿಲ್ಲ. ಮೂವರೂ ನೋಡುತ್ತ ಕೂತರು. ಬಹಳ ಹೊತ್ತಾದ ಮೇಲೆ ಮಗಳು ಆ ಹಾಳೆಯ ಹಿಂದೆ ಇನ್ನೇನೂ ಇಲ್ಲವೆಂದು ತಿರುವಿ ನೋಡಿ, ಪುಸ್ತಕವನ್ನು ತಾನೇ ಮುಚ್ಚಿ, "ಮುಗೀತು" ಎಂದಳು.