ಮೊಣಕಾಲೂರಿದ ತಾಯಿಯ ಪಟ

ಸಂಘದ ಅಧ್ಯಕ್ಷರಾದ ಶ್ರೀಕಂಠಯ್ಯನವರೇ, ಮುಖ್ಯ ಅತಿಥಿಗಳೇ, ನನ್ನ ಜೊತೆ ದುಡಿದ ಲವಿನಾ, ಅಬುಧಾಬಿಯ ಕನ್ನಡ ಬಂಧುಗಳೇ, ಸಭಿಕರೇ,

ಈ ಅಪೊಲೊನಿಯಾಳಿಗೆ ಶಾಲು ಹೊದಿಸಿ ಬೀಳ್ಕೊಡುತ್ತಿದ್ದೀರಿ. ಹೋಟೆಲಿನ ಬಟ್ಟೆ ಒಗೆಸುತ್ತಲೇ ಆಯಸ್ಸು ಕಳೆದವಳಿಗೆ ಕೊನೆಗೂ ಇನ್ನೊಂದು ಬಟ್ಟೆ! ನಗಬೇಕು ನೀವು.

ನಮ್ಮ ಹೋಟೆಲಿನ ಲಾಬಿಯಲ್ಲಿ ಗೋಡೆಯಷ್ಟು ದೊಡ್ಡ ಚಿತ್ರಪಟವಿದೆ. ಬೆಲ್ಜಿಯಂ ಕಡೆಯ ಫ್ಲೆಮಿಷ್ ನೇಕಾರರು ಹಿಂದಿನ ಕಾಲದಲ್ಲಿ ಉಣ್ಣೆ, ರೇಷ್ಮೆಯಲ್ಲಿ ನೇಯ್ದದ್ದು. ಕವಚ ತೊಟ್ಟ ಸೇನಾಪತಿ, ಅವನೆದುರು ಮೊಣಕಾಲೂರಿದ ಮುದುಕಿ, ಹಿಂದೆ ಎಳೆಯ ಹೆಂಗಸು, ಮಕ್ಕಳು. ಅದರ ಧೂಳು ತೆಗೆಯುವುದು ನನ್ನ ಪಾಲಿನ ಕೆಲಸ. ಪಟಕ್ಕೆ ತೆಳು ಬಲೆ ಹಿಡಿದು, ಬಲೆಯ ಮೇಲಿಂದ ಮೆಲ್ಲಗೆ ವ್ಯಾಕ್ಯೂಮ್ ಓಡಿಸಬೇಕು. ಇಲ್ಲದಿದ್ದರೆ ನೂಲು ಎದ್ದುಬರುತ್ತದೆ.

ಲವಿನಾ ಮೊದಲ ದಿನವೇ, "ಅಪೊಲೊನಿಯಾ ಬಾಯಿ, ಇದು ಯಾವುದೋ ಮಾತೆ ಮಾರಾಯ್ರೆ! ಮುಖ ನೋಡಿ, ಪಾಪ ಉಂಟಲ್ಲ?" ಎಂದಳು. ನಮ್ಮವರಿಗೆ ಮೊಣಕಾಲೂರಿದ ಹೆಂಗಸನ್ನು ಕಂಡರೆ ಸಾಕು, ಶಿಲುಬೆಯ ಗುರುತು ಹಾಕಲು ಕೈ ತಾನಾಗಿ ಏಳುತ್ತದೆ. ಅಲ್ಲಿಗೆ ಆಕೆ ನಮ್ಮ ಇಗರ್ಜಿಯ ಮಾತೆಯಾದಳು. ನಾನು ಬಲೆ ಹಿಡಿದು ಬಾಯೊಳಗೇ ಜಪಮಾಲೆಯ ಪ್ರಾರ್ಥನೆ ಹೇಳುತ್ತಿದ್ದೆ. ಎಂಥ ಶ್ರದ್ಧೆಯ ಕೆಲಸ ಎಂದು ಮ್ಯಾನೇಜರು ಹೊಗಳುತ್ತಿದ್ದರು.

ನಾನು ಬೇಡಿದ್ದು ಏನು? ಮಗನನ್ನು. ಫ್ಲಾಯ್ಡ್ ಬೇರೆ ಮತದ ರುಬೀನಳನ್ನು ಮದುವೆಯಾದಾಗ ನನ್ನ ಗಂಡ ಜುವಾಕಿಂ, "ಇನ್ನು ಈ ಮನೆಗೆ ಕಾಲಿಡಬೇಡ" ಎಂದರು. ನಾನು ಗಂಡನ ಕಾಲು ಹಿಡಿದೆ, ಕೇಳಲಿಲ್ಲ. ಅವರು ತೀರಿಕೊಂಡರು. ಬಾಗಿಲು ತೆರೆಯಿತು, ಮಗ ಬರಲಿಲ್ಲ. ಅವನಿರುವುದು ಯಾವ ದೂರದೇಶದಲ್ಲಿ? ಇಲ್ಲೇ, ಅಲ್ ರೀಮ್ ಐಲ್ಯಾಂಡಿನಲ್ಲಿ! ಒಮ್ಮೆ ಹೋದೆ. ಕೆಳಗಿನ ಸೆಕ್ಯುರಿಟಿಯವನು ಫೋನ್ ಮಾಡಿ, ನನ್ನ ಮುಖ ನೋಡದೆ, "ಸಾಬ್ ಮಾಫಿ, ಮಾಜೀ" ಎಂದ. ಸಾಹೇಬರು ಇಲ್ಲವಂತೆ! ಫೋನಿನಲ್ಲಿ ಫ್ಲಾಯ್ಡ್‌ನ ದನಿ ನನಗೇ ಕೇಳಿಸಿತ್ತು.

ಕಳೆದ ತಿಂಗಳು ಪಟವನ್ನು ಪರೀಕ್ಷಿಸಲು ಬಂದ ತಜ್ಞೆಯೊಬ್ಬರು ಅದರ ಕಥೆ ಹೇಳಿದರು. ಆಕೆ ಮಾತೆಯೂ ಅಲ್ಲ, ಏನೂ ಅಲ್ಲ. ಪ್ರಾಚೀನ ರೋಮಿನ ಒಬ್ಬ ತಾಯಿ. ಆ ಸೇನಾಪತಿ ಅವಳ ಮಗ. ಹೆಸರು ನನ್ನ ನಾಲಿಗೆಗೆ ಬಗ್ಗುವುದಿಲ್ಲ. ಊರು ಅವನನ್ನು ಹೊರಗೆ ಹಾಕಿತು. ಅವನು ಶತ್ರುಗಳ ಸೈನ್ಯ ಕರೆದುಕೊಂಡು ಊರ ಮೇಲೇ ಬಂದ. ತಾಯಿ ಹೋಗಿ, ಊರನ್ನು ಉಳಿಸು ಎಂದು ಬೇಡಿಕೊಂಡಳು.

"ಮಗ ಕೇಳಿದನಾ?" ಎಂದೆ. ಕೇಳಿದ ಎಂದರು. ಅಯ್ಯೋ, ನನ್ನ ಸಂತೋಷವೇ! ಲವಿನಾಳ ಕೈ ಹಿಡಿದುಬಿಟ್ಟೆ. ಆ ತಜ್ಞೆ ಬಲೆ ಮಡಿಸುತ್ತ, "ಸೈನ್ಯವನ್ನು ಹಿಂದಕ್ಕೆ ಕರೆದೊಯ್ದನೆಂದು ಆ ಶತ್ರುಗಳೇ ಅವನನ್ನು ಕೊಂದರಂತೆ" ಎಂದರು.

ಸಭಿಕರೇ, ತಾಯಿಯ ಮಾತು ಕೇಳಿ ಮಗ ಸತ್ತ. ಇಷ್ಟು ವರ್ಷ ನಾನು ಬೇಡಿದ್ದು ಯಾರ ಹತ್ತಿರ? ಅಂದಿನಿಂದ ಇಗರ್ಜಿಯಲ್ಲೂ ನನ್ನ ಬಾಯಿಗೆ ಪ್ರಾರ್ಥನೆ ಬರುತ್ತಿಲ್ಲ. ಬಾ ಎನ್ನಲು ಭಯ, ಬರಬೇಡ ಎನ್ನಲು ಕರುಳು ಒಪ್ಪುವುದಿಲ್ಲ.

ನನ್ನ ವೀಸಾ ಖಲಾಸ್. ನಾಳೆ ಮಂಗಳೂರಿನ ವಿಮಾನ. ಇಂದಿನ ಆಮಂತ್ರಣವನ್ನು ಫ್ಲಾಯ್ಡ್‌ಗೂ ಕಳಿಸಿದ್ದೇವೆ ಎಂದು ಶ್ರೀಕಂಠಯ್ಯನವರು ನಾನು ವೇದಿಕೆ ಹತ್ತುವಾಗ ಕಿವಿಯಲ್ಲಿ ಹೇಳಿದರು. ಅದಕ್ಕೇ ಮಾತು ಇಷ್ಟು ಉದ್ದವಾಯಿತು, ಕ್ಷಮಿಸಿ. ಹಾಲ್ ಬಿಡುವ ಹೊತ್ತಾಯಿತಂತೆ. ಅವನು ಬರಲಿಲ್ಲ. ತಾಯಿಯ ಮಾತು ಕೇಳದ ಮಗ ಬದುಕಿದ್ದಾನೆ, ನನಗೆ ಅಷ್ಟು ಸಾಕು ಎಂದು ಹೇಳಬೇಕು. ಹೇಳಲು ಆಗುತ್ತಿಲ್ಲ.

ಕೂತು ಕೇಳಿದಿರಿ, ನಿಮಗೆ ಕೃತಜ್ಞಳು. ಎಲ್ಲರಿಗೂ ನಮಸ್ಕಾರ.